ಲಿಫ್ಟಿನಲ್ಲಿ ಅರ್ಧ ಕಥೆ ಹೇಳಿ ಪುಸ್ತಕಕ್ಕೆ ಓದುಗರನ್ನು ಹಿಡಿಯುತ್ತಿರುವ ಕುರಿತು

ಕೇಂದ್ರ ಕಚೇರಿ, ಏಳು ಮಹಡಿ ಕಟ್ಟಡ
ಸಂಖ್ಯೆ: ಕೇಕ/ಲಿಫ್ಟ್/ಕಥೆ/41 (ತಿದ್ದುಪಡಿಯ ತಿದ್ದುಪಡಿ)
ದಿನಾಂಕ: ಈ ತಿಂಗಳ 27

ಸುತ್ತೋಲೆ

ವಿಷಯ: ಲಿಫ್ಟ್ ನಿರ್ವಾಹಕಿಯು ತಾನು ಬರೆದ ಹೊಸ ಕಾದಂಬರಿಯ ಪ್ರಚಾರಕ್ಕಾಗಿ ಲಿಫ್ಟಿನೊಳಗೆ ಕಥೆ ಹೇಳುತ್ತಿರುವುದು ಹಾಗೂ ತತ್ಪರಿಣಾಮವಾಗಿ ಸಿಬ್ಬಂದಿಯು ಲಿಫ್ಟಿನಿಂದ ಇಳಿಯದಿರುವುದರ ಬಗ್ಗೆ.

ಉಲ್ಲೇಖ:
1. ಒಂದನೇ ಮಹಡಿ ಸಿಬ್ಬಂದಿಯ ಸಾಮೂಹಿಕ ಮನವಿ.
2. ನಿರ್ವಾಹಕಿಗೆ ನೀಡಲಾದ ಜ್ಞಾಪನ.
3. ಸದರಿ ಜ್ಞಾಪನದ ಹಿಂಬದಿಯಲ್ಲೇ ಆಕೆ ಬರೆದುಕೊಟ್ಟ ಉತ್ತರ.

ಪ್ರಸ್ತಾವನೆ:

ಈ ಕಟ್ಟಡದ ಏಕೈಕ ಲಿಫ್ಟನ್ನು ಹತ್ತೊಂಬತ್ತು ವರ್ಷಗಳಿಂದ ನಡೆಸುತ್ತಿರುವ ನಿರ್ವಾಹಕಿಯು (ಇನ್ನು ಮುಂದೆ 'ಲಿಫ್ಟಕ್ಕ' ಎಂದು ಕರೆಯಲಾಗುವುದು, ಬೇರೆ ಹೆಸರಿನಿಂದ ಕರೆದರೆ ಆಕೆ ತಿರುಗಿಯೂ ನೋಡುವುದಿಲ್ಲವೆಂದು ವರದಿಯಾಗಿದೆ) ಜನ ಹತ್ತದ ವೇಳೆಯಲ್ಲಿ ಸ್ಟೂಲಿನ ಮೇಲೆ ಕುಳಿತು, ಹಳೆಯ ಹಾಜರಿ ನಮೂನೆಗಳ ಬೆನ್ನಿಗೆ, 'ನಿದ್ದೆ ಮಾರುವ ಮುದುಕಿ' ಎಂಬ ಕಾದಂಬರಿಯೊಂದನ್ನು ಬರೆದಿರುವುದು ಗಮನಕ್ಕೆ ಬಂದಿರುತ್ತದೆ. ನೂರು ಮಂದಿ ಓದುಗರು ಮುಂಚಿತವಾಗಿ ಹೆಸರು ಬರೆಸಿದರೆ ಮಾತ್ರ ಪುಸ್ತಕ ಅಚ್ಚು ಮಾಡುವುದಾಗಿಯೂ, ಈ ತಿಂಗಳ ಮೂವತ್ತರ ಸಂಜೆ ಐದರೊಳಗೆ ನೂರು ತುಂಬದಿದ್ದಲ್ಲಿ ಹಸ್ತಪ್ರತಿಯನ್ನು ದಾರ ಕಟ್ಟಿ ವಾಪಸು ಕೊಡುವುದಾಗಿಯೂ ಮುದ್ರಣಾಲಯದ ಮಾಲೀಕರು ಆಕೆಗೆ ತಿಳಿಸಿರುತ್ತಾರೆ. ಅದರಂತೆ ಲಿಫ್ಟಿನ ಗುಂಡಿಗಳ ಪಕ್ಕದಲ್ಲಿ ನೂರು ಸಾಲಿನ ನೋಟ್‌ಬುಕ್ಕೊಂದನ್ನು ಪೆನ್ನಿನ ಸಮೇತ ತೂಗುಹಾಕಲಾಗಿದ್ದು, ಈ ಬೆಳಿಗ್ಗೆಯವರೆಗೆ ಎಪ್ಪತ್ತೊಂದು ಹೆಸರುಗಳು ದಾಖಲಾಗಿರುತ್ತವೆ. ಪೆನ್ನು ನಾಲ್ಕು ಬಾರಿ ಕಾಣೆಯಾಗಿರುತ್ತದೆ.

ಲಿಫ್ಟಕ್ಕ ಅನುಸರಿಸುತ್ತಿರುವ ಪ್ರಚಾರದ ವಿಧಾನವೇನೆಂದರೆ, ಜನ ಹತ್ತಿದ ಕೂಡಲೇ ಕಥೆ ಆರಂಭಿಸುವುದು. ಅವರ ಮಹಡಿ ಬಂದ ಕೂಡಲೇ, ವಾಕ್ಯ ಎಲ್ಲಿಗೇ ಬಂದಿರಲಿ, ನಿಲ್ಲಿಸುವುದು. ಜಾಲರಿ ಬಾಗಿಲು ಎಳೆದು "ಮುಂದಿನದು ಪುಸ್ತಕದಲ್ಲಿದೆ, ಹೆಸರು ಬರೀರಿ" ಎನ್ನುವುದು. ಇದರಿಂದ ಉಂಟಾಗಿರುವ ತೊಡಕುಗಳ ನಿವಾರಣೆಗಾಗಿ ಎಲ್ಲ ಸಿಬ್ಬಂದಿಗೆ ಈ ಕೆಳಕಂಡಂತೆ ಸೂಚಿಸಲಾಗಿದೆ.

1. ಒಂದನೇ ಮಹಡಿಯವರು ಕಳೆದ ಹದಿನಾಲ್ಕು ದಿನಗಳಿಂದ "ಒಂದೂರಲ್ಲಿ ನಿದ್ದೆ ಮಾರೋ ಮುದುಕಿ ಇದ್ದಳು" ಎಂಬಷ್ಟನ್ನೇ ಕೇಳುತ್ತಿರುವುದಾಗಿ ದೂರಿರುತ್ತಾರೆ. ಮೂರನೇ ಮಹಡಿಯವರಿಗೆ ಮುದುಕಿಯ ಚೀಲ ಬಿಚ್ಚಿರುತ್ತದೆ. ಐದನೆಯವರಿಗೆ, ಹುಡುಗಿಯೊಬ್ಬಳು ತನ್ನ ನಿದ್ದೆಯನ್ನೆಲ್ಲ ಮುದುಕಿಗೆ ಮಾರಿಬಿಟ್ಟಿರುವುದು ಗೊತ್ತಾಗಿರುತ್ತದೆ. ಆಕೆ ಅದನ್ನು ಮರಳಿ ಪಡೆಯಲು ಬಾವಿಗೆ ಇಳಿಯುವ ವಿಷಯ ಏಳನೇ ಮಹಡಿಯವರಿಗೆ ಮಾತ್ರ ತಿಳಿದಿರುತ್ತದೆ. ಹುದ್ದೆಗೆ ತಕ್ಕ ಕುರ್ಚಿಯಿರುವಂತೆ ಮಹಡಿಗೆ ತಕ್ಕ ಕಥೆಯಿರುವುದು ಕ್ರಮಬದ್ಧವೆಂದು ತೀರ್ಮಾನಿಸಿ, ಮನವಿಯನ್ನು ತಿರಸ್ಕರಿಸಲಾಗಿದೆ.

2. ಕೆಳಮಹಡಿಗಳ ಸಿಬ್ಬಂದಿಯು ಕಥೆ ಕೇಳುವ ಆಸೆಯಿಂದ, ಸಹಿ ಬೇಕೆಂಬ ನೆಪದಲ್ಲಿ ಕಡತ ಹಿಡಿದು ಏಳನೇ ಮಹಡಿಗೆ ಹೋಗುತ್ತಿರುವುದರಿಂದ, ವರ್ಷಗಟ್ಟಲೆ ಮಲಗಿದ್ದ ಕಡತಗಳು ಒಂದೇ ವಾರದಲ್ಲಿ ಇತ್ಯರ್ಥವಾಗಿರುತ್ತವೆ. ಇಂತಹ ವೇಗವು ಇಲಾಖೆಯ ಘನತೆಗೆ ತಕ್ಕುದಲ್ಲ. ಯಾವುದೇ ಕಡತವನ್ನು ದಿನಕ್ಕೆ ಒಂದಕ್ಕಿಂತ ಹೆಚ್ಚು ಬಾರಿ ಮೇಲಕ್ಕೆ ಒಯ್ಯತಕ್ಕದ್ದಲ್ಲ.

3. ಮೂರನೇ ಮಹಡಿಯ ಬೆರಳಚ್ಚುಗಾರ್ತಿಯು ಹತ್ತು ಗಂಟೆಗೆ ಲಿಫ್ಟ್ ಹತ್ತಿ ಹನ್ನೊಂದೂವರೆಗೆ ಇಳಿದಿದ್ದು, ಕಾರಣ ಕೇಳಲಾಗಿ, "ಆ ಹುಡುಗಿ ರೆಪ್ಪೆ ಮುಚ್ಚೋಕೂ ಆಗದೆ ಬಾವಿಕಟ್ಟೆ ಮೇಲೆ ಕೂತಿದ್ದಾಳೆ ಸಾರ್. ಅವಳನ್ನ ಹಾಗೆ ಬಿಟ್ಟು ಬಂದು ನಾನು ಟಕಟಕ ಅಂತ ಟೈಪ್ ಮಾಡ್ತಾ ಕೂರೋಕಾಗುತ್ತಾ? ನೀವೇ ಹೇಳಿ" ಎಂದಿರುತ್ತಾರೆ. ಸಮಜಾಯಿಷಿಯನ್ನು ಒಪ್ಪಲಾಗಿಲ್ಲ. ಆದರೆ ಸದರಿ ಅವಧಿಯನ್ನು 'ಕರ್ತವ್ಯದ ಮೇಲೆ, ಬಾವಿಯ ಬಳಿ' ಎಂದು ಪರಿಗಣಿಸಲಾಗಿದೆ.

4. ಕೇಳುವವರು ಹೂಂಗುಟ್ಟದಿದ್ದರೆ ಕಥೆ ಮುಂದೆ ಸಾಗದು ಎಂಬುದು ಲಿಫ್ಟಕ್ಕನ ಅಜ್ಜಿಯ ಕಾಲದಿಂದ ಜಾರಿಯಲ್ಲಿರುವ ನಿಯಮವಾಗಿರುತ್ತದೆ. ಉಪನಿರ್ದೇಶಕರು ಮೈಮರೆತು ಹೂಂ ಎನ್ನುತ್ತಿದ್ದ ವೇಳೆ ಪಕ್ಕದಲ್ಲಿದ್ದ ಗುತ್ತಿಗೆದಾರರೊಬ್ಬರು "ನಲವತ್ತು ಏಣಿ ಕಳಿಸಿಬಿಡ್ಲಾ ಸಾರ್?" ಎಂದು ಕೇಳಿದ್ದು, ಏಣಿಗಳು ಬಂದು ತಲುಪಿರುತ್ತವೆ. ಇನ್ನು ಮುಂದೆ ಅಧಿಕಾರಿಗಳು ಹೂಂ ಎನ್ನುವಾಗ ಎಡಗೈ ಎತ್ತಿ, ಅದು ಕಥೆಗೆ ಸಂಬಂಧಿಸಿದ ಹೂಂ ಎಂದು ಸ್ಪಷ್ಟಪಡಿಸತಕ್ಕದ್ದು. ಸದರಿ ಏಣಿಗಳ ಮೂಲಕ ಏಳನೇ ಮಹಡಿ ತಲುಪಲು ಯಾರೂ ಪ್ರಯತ್ನಿಸಬಾರದು. ಏಣಿಯ ಮೇಲೆ ಕಥೆ ಹೇಳುವವರು ಯಾರೂ ಇರುವುದಿಲ್ಲ.

5. ಕಾದಂಬರಿಯಲ್ಲಿ ಮುದುಕಿಯು ಮಧ್ಯಾಹ್ನ ಎರಡರಿಂದ ಮೂರರವರೆಗೆ ಒಂದು ದೊಡ್ಡ ಕಟ್ಟಡದೊಳಗೆ ಹೊಕ್ಕು, ಅಲ್ಲಿ ಮೇಜುಗಳ ಮೇಲೆ ಚೆಲ್ಲಿಹೋದ ನಿದ್ದೆಯನ್ನು ಮೊರದಲ್ಲಿ ಗೋರಿ ಚೀಲಕ್ಕೆ ತುಂಬಿಕೊಳ್ಳುವ ಪ್ರಸಂಗವಿರುತ್ತದೆ. ಅದು ಈ ಕಟ್ಟಡವಲ್ಲ. ಆ ಹೊತ್ತಿನಲ್ಲಿ ಎಚ್ಚರವಿದ್ದು ಈ ಮಾತನ್ನು ದೃಢೀಕರಿಸಬಲ್ಲ ಸಾಕ್ಷಿಗಳಿಗಾಗಿ ಹುಡುಕಾಟ ನಡೆದಿದೆ.

6. ಲಿಫ್ಟಿನಿಂದ ಇಳಿಯುವಾಗ "ಖಂಡಿತಾ ತಗೋತೀನಕ್ಕ" ಎಂದವರ ಸಂಖ್ಯೆ ಇನ್ನೂರ ಹನ್ನೆರಡಾಗಿದ್ದು, ಹೆಸರು ಬರೆದವರು ಎಪ್ಪತ್ತೊಂದೇ ಆಗಿರುವುದನ್ನು ಇಲಾಖೆಯು ಗಂಭೀರವಾಗಿ ಪರಿಗಣಿಸಿದೆ. ಆದುದರಿಂದ:

(ಅ) ಜೇಬಿನಲ್ಲಿ ಎರಡು ಪೆನ್ನು ಸಿಕ್ಕಿಸಿಕೊಂಡು "ಅಯ್ಯೋ, ಪೆನ್ನಿಲ್ವಲ್ಲ" ಎನ್ನತಕ್ಕದ್ದಲ್ಲ.

(ಆ) "ನಮ್ಮನೆಯವಳು ಓದ್ತಾಳೆ, ಕೇಳಿ ಹೇಳ್ತೀನಿ" ಎಂದವರು ಮನೆಯಲ್ಲಿ ಲಿಖಿತವಾಗಿ ಕೇಳಿ, ಬಂದ ಉತ್ತರವನ್ನು, ಅದು ಎಂತಹ ಭಾಷೆಯಲ್ಲಿದ್ದರೂ, ಲಗತ್ತಿಸತಕ್ಕದ್ದು.

(ಇ) "ನಂಗೊಂದು ಗೌರವ ಪ್ರತಿ ಎತ್ತಿಟ್ಟಿರಕ್ಕ" ಎಂದವರು ಇನ್ನು ಮುಂದೆ ಮೆಟ್ಟಿಲು ಬಳಸತಕ್ಕದ್ದು.

(ಈ) ಒಂದು ಪುಟವನ್ನೂ ನೋಡದೆ "ಚೆನ್ನಾಗಿದೆ ಕಣಮ್ಮ, ಸ್ವಲ್ಪ ಚಿಕ್ಕದು ಮಾಡಬಹುದಿತ್ತು" ಎಂದ ಆರನೇ ಮಹಡಿಯ ಅಧೀಕ್ಷಕರು, ಶೌಚಾಲಯದ ನಲ್ಲಿಯ ಬಗ್ಗೆ ತಾವು ಬರೆದ ಮೂವತ್ತೆಂಟು ಪುಟಗಳ ಟಿಪ್ಪಣಿಯನ್ನು ಚಿಕ್ಕದು ಮಾಡಿ ಮಾದರಿ ತೋರಿಸತಕ್ಕದ್ದು. ನಲ್ಲಿ ಈಗಲೂ ಸೋರುತ್ತಿದೆ.

7. ಲಿಫ್ಟು ಏಳನೇ ಮಹಡಿಗೆ ಕೊನೆಯಾಗುವುದರಿಂದ, ಹುಡುಗಿ ಬಾವಿಗೆ ಇಳಿದ ಮೇಲೆ ಏನಾಯಿತೆಂಬುದು ಯಾರಿಗೂ ತಿಳಿದಿರುವುದಿಲ್ಲ. ಈ ಕಾರಣಕ್ಕಾಗಿ ಎಂಟನೇ ಮಹಡಿ ಕಟ್ಟಿಸಬೇಕೆಂಬ ಪ್ರಸ್ತಾವನೆಯನ್ನು ಎಂಜಿನಿಯರರು ಪರಿಶೀಲಿಸಿ, ತಳಪಾಯ ತಡೆಯುವುದಿಲ್ಲವೆಂದು ವರದಿ ನೀಡಿರುತ್ತಾರೆ. ವರದಿಯ ಅಂಚಿನಲ್ಲಿ ಪೆನ್ಸಿಲಿನಿಂದ "ಬಾವಿ ಆಳ ಇರೋ ಹಾಗಿದೆ. ಕಟ್ಟೋದಾದ್ರೆ ಹತ್ತು ಮಹಡಿ ಕಟ್ಟಿ" ಎಂದು ಬರೆದಿರುವುದು ಅವರ ವೈಯಕ್ತಿಕ ಅಭಿಪ್ರಾಯವಾಗಿರುತ್ತದೆ.

8. ಕಥೆಯ ಅಂತ್ಯವನ್ನು ಮೂರು ಪ್ರತಿಗಳಲ್ಲಿ ಸಲ್ಲಿಸುವಂತೆ ಲಿಫ್ಟಕ್ಕನಿಗೆ ಜ್ಞಾಪನ ನೀಡಲಾಗಿದ್ದು, ಆಕೆಯ ಉತ್ತರವನ್ನು ಯಥಾವತ್ತಾಗಿ ನೀಡಲಾಗಿದೆ: "ಸಾಹೇಬ್ರೇ, ಕೊನೆ ಕೇಳಿದ್ದೀರಿ. ಅದನ್ನೂ ಬಿಟ್ಟಿ ಹೇಳಿಬಿಟ್ರೆ ಪುಸ್ತಕ ಯಾಕೆ ಬೇಕು? ಹತ್ತೊಂಬತ್ತು ವರ್ಷದಿಂದ ಎಲ್ಲರನ್ನೂ ಅವರವರ ಮಹಡಿಗೆ ಬಿಟ್ಟು, ಖಾಲಿ ಲಿಫ್ಟಲ್ಲಿ ನಾನೊಬ್ಬಳೇ ಕೆಳಗೆ ಬಂದಿದ್ದೀನಿ. ಹಾಗೆ ಬರುವಾಗ ಬರೆದದ್ದು ಇದು. ಯಾರಾದ್ರೂ ಪೂರ್ತಿ ಓದಲಿ ಅಂತ ಆಸೆ, ಅಷ್ಟೇ. ಅಂದ ಹಾಗೆ, ನೋಟ್‌ಬುಕ್ಕಲ್ಲಿ ತಮ್ಮ ಹೆಸರು ಕಾಣಲಿಲ್ಲ." ಸದರಿ ಉತ್ತರವನ್ನು ಅಶಿಸ್ತೆಂದು ಪರಿಗಣಿಸಿ ಗೋಪ್ಯ ಕಡತದಲ್ಲಿ ಇರಿಸಲಾಗಿದ್ದು, ಆ ಕಡತವನ್ನು ಏಳೂ ಮಹಡಿಯವರು ತರಿಸಿಕೊಂಡು ಓದಿರುತ್ತಾರೆ.

9. ಈ ಸುತ್ತೋಲೆಗೆ ಸಹಿ ಮಾಡುವ ಅಧಿಕಾರಿಯು, ನಿದ್ದೆ ಬಾರದೆ ಹೊರಳಾಡುವ ತಮ್ಮ ಎಂಬತ್ತಾರು ವರ್ಷದ ತಾಯಿಯವರಿಗೆ, ಮಾತ್ರೆ ಕೊಡುವ ಹೊತ್ತಿನಲ್ಲಿ, ಲಿಫ್ಟಿನಲ್ಲಿ ಕೇಳಿದಷ್ಟನ್ನು ಹೇಳುತ್ತಾ ಬಂದಿದ್ದು, ಒಂಬತ್ತು ದಿನಗಳಿಂದ ಕಥೆ ಬಾವಿಯಲ್ಲೇ ನಿಂತಿರುತ್ತದೆ. ತಾಯಿಯವರು "ಅಷ್ಟು ದೊಡ್ಡ ಆಫೀಸಿಗೆ ಸಾಹೇಬ ಆಗಿ ಏನು ಬಂತೋ ನಿಂಗೆ? ಒಂದು ಹುಡುಗೀನ ಬಾವಿಯಿಂದ ಮೇಲೆತ್ತಿಸೋ ಯೋಗ್ಯತೆ ಇಲ್ಲ!" ಎಂದು ಮಾತ್ರೆಯನ್ನು ನಿರಾಕರಿಸಿರುತ್ತಾರೆ. ಈ ಅಂಶಕ್ಕೂ ಮುಂದಿನ ಅಂಶಕ್ಕೂ ಯಾವುದೇ ಸಂಬಂಧವಿರುವುದಿಲ್ಲ.

10. ಈ ಸುತ್ತೋಲೆಯನ್ನು ಓದಿ ತಿಳಿದುಕೊಂಡಿದ್ದಕ್ಕೆ ಸಿಬ್ಬಂದಿಯು ಹೆಸರು ಬರೆದು ಸಹಿ ಮಾಡುವುದು ಕಡ್ಡಾಯವಾಗಿದೆ. ಅದಕ್ಕೆಂದಿರುವ ರಿಜಿಸ್ಟರು ತುಂಬಿಹೋಗಿದ್ದು, ಹೊಸದಕ್ಕೆ ಬೇಡಿಕೆ ಕಳುಹಿಸಿ ಎರಡು ವರ್ಷವಾಗಿರುತ್ತದೆ. ಆದ್ದರಿಂದ ಕಟ್ಟಡದಲ್ಲಿ ಲಭ್ಯವಿರುವ ಏಕೈಕ ನೋಟ್‌ಬುಕ್ಕಿನಲ್ಲಿ, ಅಂದರೆ ಲಿಫ್ಟಿನಲ್ಲಿ ತೂಗುತ್ತಿರುವುದರಲ್ಲಿ, ಮೂವತ್ತರ ಸಂಜೆ ಐದರೊಳಗೆ ಸಹಿ ಮಾಡತಕ್ಕದ್ದು. ಹಾಗೆ ಬರೆದ ಹೆಸರಿನಿಂದ ಉಂಟಾಗುವ ಪರಿಣಾಮಗಳಿಗೆ (ಪುಸ್ತಕ ಮನೆಗೆ ಬರುವುದು, ಯಾರೋ ಅದನ್ನು ಬಿಡಿಸುವುದು, ಒಲೆಯ ಮೇಲಿಟ್ಟದ್ದು ಸೀದುಹೋಗುವುದು) ಇಲಾಖೆ ಹೊಣೆಯಲ್ಲ. ಎಪ್ಪತ್ತೆರಡನೇ ಸಾಲು ಭರ್ತಿಯಾಗಿರುವುದರಿಂದ ಎಪ್ಪತ್ತಮೂರರಿಂದ ಆರಂಭಿಸುವುದು. ಎಪ್ಪತ್ತೆರಡರಲ್ಲಿ ಯಾರ ಹೆಸರಿದೆಯೆಂದು ಚರ್ಚಿಸತಕ್ಕದ್ದಲ್ಲ.

(ಸಹಿ)
ನಿರ್ದೇಶಕರು
ಏಳನೇ ಮಹಡಿ

ಪ್ರತಿಗಳು:

1. ಎಲ್ಲ ಮಹಡಿಗಳ ಸೂಚನಾ ಫಲಕಕ್ಕೆ.
2. ಒಂದನೇ ಮಹಡಿಗೆ: ಮೊದಲ ಸಾಲು ಮಾತ್ರ.
3. ಲಿಫ್ಟಕ್ಕನಿಗೆ: ಕಟ್ಟುನಿಟ್ಟಿನ ಎಚ್ಚರಿಕೆಯೊಂದಿಗೆ, ಮತ್ತು ಹೊಸ ಪೆನ್ನಿನೊಂದಿಗೆ.
4. ಮುದ್ರಣಾಲಯದ ಮಾಲೀಕರಿಗೆ: ದಾರವನ್ನು ಬೇರೆ ಕೆಲಸಕ್ಕೆ ಬಳಸಿಕೊಳ್ಳಲು.
5. ನಿರ್ದೇಶಕರ ತಾಯಿಯವರಿಗೆ: ಹುಡುಗಿಯನ್ನು ಮೇಲೆತ್ತಲು ಇಲಾಖೆಯಿಂದ ಸಾಧ್ಯವಿರುವ ಎಲ್ಲ ಕ್ರಮ ಕೈಗೊಳ್ಳಲಾಗಿದೆ ಎಂಬ ಮಾಹಿತಿಗಾಗಿ. ಪುಸ್ತಕ ಬರುವವರೆಗಾದರೂ ಮಾತ್ರೆ ನುಂಗಬೇಕೆಂದು ವಿನಂತಿ, ಅಮ್ಮಾ.