ಚುಕ್ಕೆ, ಗೆರೆ ಮತ್ತು ನಮ್ಮ ಯಜಮಾನರು

ಶಿಸ್ತಾಗಿ ಬದುಕುವವರ ಮನೆಯಲ್ಲೇ ನಗೆಪಾಟಲಿನ ಸಂಗತಿಗಳು ಹೆಚ್ಚು ನಡೆಯುತ್ತವೆ. ಅಣ್ಣಾ ನಗರದ ನಮ್ಮ ಮನೆಯಲ್ಲಂತೂ ವಾರಕ್ಕೊಂದು.

ನಮ್ಮ ಯಜಮಾನರು ಹಡಗಿನಲ್ಲಿ ರೇಡಿಯೋ ಆಫೀಸರಾಗಿದ್ದವರು. ಈಗ ಕಿವಿ ಪೂರ್ತಿ ಹೋಗಿದೆ. ಶ್ರವಣಯಂತ್ರದಿಂದಲೂ ಪ್ರಯೋಜನವಿಲ್ಲ. ಚೀಟಿ ಬರೆದು ತೋರಿಸಿದರೆ, "ನಾನೇನು ಆಸ್ಪತ್ರೆಯಲ್ಲಿದ್ದೇನಾ?" ಎಂದು ಮುಖ ತಿರುಗಿಸುತ್ತಿದ್ದರು. ಬರಬರುತ್ತಾ ತಾವೂ ಮಾತು ಬಿಟ್ಟರು. ಅಷ್ಟು ಹರಟುತ್ತಿದ್ದ ಮನುಷ್ಯ ಬಾಲ್ಕನಿಯ ಕುರ್ಚಿಯಲ್ಲಿ ಸುಮ್ಮನೆ ಕೂತಿರುವುದನ್ನು ನನ್ನಿಂದ ನೋಡಲಾಗಲಿಲ್ಲ. ಹಡಗಿನಲ್ಲಿ ಕಲಿತ ಮೋರ್ಸ್ ಸಂಕೇತ ಅವರಿಗೆ ಮರೆತಿರಲಾರದು. ನನ್ನ ಮಾತನ್ನು ಚುಕ್ಕೆ, ಗೆರೆಗಳಾಗಿ ಮಿಟುಕಿಸುವ ದೀಪವೊಂದನ್ನು ನಾನೇ ಮಾಡುವುದೆಂದು ತೀರ್ಮಾನಿಸಿದೆ.

ಅಂಗಡಿಯಲ್ಲಿ

ಪ್ಯಾರೀಸ್ ಕಾರ್ನರ್ ಹತ್ತಿರದ ಎಲೆಕ್ಟ್ರಾನಿಕ್ ಅಂಗಡಿಯಲ್ಲಿ ಗಂಜಿ ಹಾಕಿದ ಸೀರೆಯುಟ್ಟು ನಿಂತು, ಹೇಳಿದಂತೆ ದೀಪ ಮಿಟುಕಿಸುವ ಪುಟ್ಟ ಕಂಪ್ಯೂಟರ್, ಅಂದರೆ ಮೈಕ್ರೋಕಂಟ್ರೋಲರ್ ಬೋರ್ಡ್ ಕೇಳಿದೆ. ಅಂಗಡಿಯವರು ಬೆಂಕಿಪೊಟ್ಟಣದ ಗಾತ್ರದ ಹಸಿರು ಹಲಗೆಯೊಂದನ್ನು ಮುಂದಿಟ್ಟು, "ಪೇರನ್ ಸ್ಕೂಲ್ ಪ್ರಾಜೆಕ್ಟಾಮ್ಮಾ?" ಎಂದರು.

ಮೊಮ್ಮಗನದಲ್ಲ, ನನ್ನದೇ ಎಂದು ನಾನೂ ತಮಿಳಿನಲ್ಲೇ ಹೇಳಿದೆ.

"ಯಾವುದಕ್ಕಮ್ಮಾ?"

"ಗಂಡನ ಜೊತೆ ಮಾತಾಡುವುದಕ್ಕೆ."

ಅವರು ಹಿಂದಿನ ಡಬ್ಬಿಗೆ ಕೈ ಹಾಕಿದರು. "ಹಾಗಾದರೆ ಒಂದು ಫ್ಯೂಸೂ ತಗೊಂಡುಬಿಡಿ."

ಬೆರಳಷ್ಟು ಜಾಗ

ನಾನು ಓದಿದ ಕಾನ್ವೆಂಟಿನಲ್ಲಿ ಪಾಠ ಹೇಳುತ್ತಿದ್ದ ಸಿಸ್ಟರ್ ಪದಗಳ ನಡುವೆ ಬೆರಳಿಟ್ಟು, ಜಾಗ ಬಿಟ್ಟು ಬರೆಸುತ್ತಿದ್ದರು. ಹಾಗೆ ಬರೆಯದವರ ಕಾಗದವನ್ನು ನಾನು ಇವತ್ತಿಗೂ ಓದುವುದಿಲ್ಲ. ಮೂರು ವಾರ ನೋಟ್‌ಬುಕ್ಕಿಗೆ ಮಾರ್ಜಿನ್ ಎಳೆದು ಕಲಿತು, ಪ್ರೋಗ್ರಾಂ ಬರೆದೆ. ಚುಕ್ಕೆಗೆ ಚಿಕ್ಕ ಮಿಟುಕು, ಗೆರೆಗೆ ಅದರ ಮೂರರಷ್ಟು. ಮೊದಲ ಸಂದೇಶ, ಕಾಫಿ ತಯಾರಿದೆ ಎಂದು ಇಂಗ್ಲಿಷಿನಲ್ಲಿ.

ದೀಪ ಮಿಟುಕಿದ್ದೇ ತಡ, ಅವರು ನೆಟ್ಟಗೆ ಕೂತರು. ಕಣ್ಣು ಕಿರಿದು ಮಾಡಿ ನೋಡಿದರು. ಎಷ್ಟೋ ದಿನದ ಮೇಲೆ ಬಾಯಿ ಬಿಟ್ಟರು.

"ಎಂತ ಮಾರಾಯ್ತಿ ಇದು? ಅಕ್ಷರಕ್ಕೂ ಅಕ್ಷರಕ್ಕೂ ನಡುವೆ ಜಾಗವೇ ಇಲ್ಲ! ನಿನ್ನ ಸಿಸ್ಟರ್ ನೋಡಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು."

ಅವತ್ತಿನ ತಿದ್ದುಪಡಿಯನ್ನು ನಾನು ನಿಂತುಕೊಂಡೇ ಮಾಡಿದೆ.

ಎರಡು ಇಡ್ಲಿ

ಇಂಥ ಬೋರ್ಡಿಗೆ ಸಾಕು ಎನ್ನದಿದ್ದರೆ ಅದು ಹೇಳಿದ್ದನ್ನೇ ಹೇಳುತ್ತಿರುತ್ತದೆ. ಇದನ್ನು ಗಮನಿಸದೆ, ಎರಡು ಇಡ್ಲಿ ತಿನ್ನಿ ಎಂಬ ಸಂದೇಶ ಹಾಕಿ, ಸೌಕಾರ್‌ಪೇಟೆಗೆ ಸೀರೆ ತರಲು ಹೋದೆ. ಬಂದು ನೋಡಿದರೆ ಹನ್ನೆರಡು ಇಡ್ಲಿಯ ಪಾತ್ರೆ ಖಾಲಿ. ಅದನ್ನು ಅವರ ಮುಂದೆ ಹಿಡಿದೆ.

"ಆರ್ಡರ್ ಬರುತ್ತಲೇ ಇತ್ತು. ಆರು ಸಲ ಪಾಲಿಸಿದೆ," ಎಂದರು ಗಂಭೀರವಾಗಿ. "ಏಳನೇ ಸಲ, ಕಾಪಾಡಿ ಅಂತ ಸಿಗ್ನಲ್ ಕೊಡೋಣವೆಂದರೆ ದೀಪ ನಿನ್ನ ಮಾತನ್ನಷ್ಟೇ ಕೇಳುತ್ತದೆ!"

ಎಂಟು ಚುಕ್ಕೆ

ಆಮೇಲೆ ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿದ್ದನ್ನು ಒಂದೇ ಸಲ ಮಿಟುಕಿಸುವಂತೆ ಮಾಡಿದೆ. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದರು. ಆದರೆ ಮೊದಲಿನಂತೆ ತಾವಾಗಿ ಮಾತು ತೆಗೆಯುತ್ತಿರಲಿಲ್ಲ. ಕಾರಣ ನನಗೆ ಗೊತ್ತಿತ್ತು. ಕಿವಿ ಮಂದವಾಗುತ್ತಿದ್ದ ಆ ಒಂದು ವರ್ಷ, ಬೇಕೆಂದೇ ಕೇಳಿಸಿಕೊಳ್ಳುತ್ತಿಲ್ಲ ಎಂದು ನಾನು ದಿನವೂ ಅವರನ್ನು ಗದರಿದ್ದೆ.

ಮೋರ್ಸಿನಲ್ಲಿ ಒಂದರ ಹಿಂದೊಂದು ಎಂಟು ಚುಕ್ಕೆ ಕಳಿಸಿದರೆ ತಪ್ಪಾಯಿತು ಎಂದರ್ಥ. ನನಗೆ ಅಗತ್ಯ ಬೀಳದೆಂದು ಅದನ್ನು ಪ್ರೋಗ್ರಾಂಗೆ ಸೇರಿಸಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಸೇರಿಸಿದೆ. ಎಂಟು ಚುಕ್ಕೆ ಕಳಿಸಿ, ಹಿಂದೆಯೇ, "ನೀವು ನಟಿಸುತ್ತಿದ್ದೀರಿ ಅಂದುಕೊಂಡಿದ್ದೆ" ಎಂದು ಕಳಿಸಿದೆ.

ಅವರು ದೀಪವನ್ನೇ ನೋಡಿದರು. "ಇನ್ನೊಮ್ಮೆ."

ಕಳಿಸಿದೆ.

"ಇನ್ನೂ ಒಮ್ಮೆ."

ಮೂರನೆಯ ಸಲವೂ ಕಳಿಸಿ, "ತಿಳಿಯಲಿಲ್ಲವೇ?" ಎಂದು ದೀಪದಲ್ಲೇ ಕೇಳಿದೆ.

"ಮೊದಲನೇ ಸಲವೇ ತಿಳಿಯಿತು," ಎಂದರು, ಕಣ್ಣೊರೆಸಿಕೊಂಡು. "ಮದುವೆಯಾಗಿ ನಲವತ್ತೊಂದು ವರ್ಷಕ್ಕೆ ಬಂದ ಸಂದೇಶ. ಮಗಳಿಗೆ ವೀಡಿಯೋ ಕಾಲ್ ಹಾಕು, ಸಾಕ್ಷಿ ಬೇಕು."

ಹಾಕಿದೆ. ಆ ಕಡೆ ಮಗಳು ನಗುತ್ತಲೇ ಇದ್ದಳು, ಈ ಕಡೆ ಇವರು ಕೈ ಆಡಿಸುತ್ತಾ, ಎಂಟು ಚುಕ್ಕೆಯಿಂದ ಶುರುಮಾಡಿ ಹಡಗಿನ ಕಾಲದ ಕಥೆಗಳವರೆಗೆ ಒಂದು ಗಂಟೆ ಮಾತಾಡಿದರು. ಅಡುಗೆಗೆ ಹೊತ್ತಾಯಿತು. ಇನ್ನು ಸಾಕು ಎಂದು ದೀಪದಲ್ಲಿ ಕಳಿಸಿದೆ.

ದೀಪದತ್ತ ಒಮ್ಮೆ ನೋಡಿ, "ಸಿಗ್ನಲ್ ಸರಿಯಾಗಿ ಕಾಣುತ್ತಿಲ್ಲ" ಎಂದು ಮಗಳ ಕಡೆಗೇ ತಿರುಗಿದರು.