ಅತ್ತೆಯ ‘ಕೈಬಿಡು’ ಹಂತ

ನಮ್ಮ ಸೋದರತ್ತೆ ಯಾವುದಾದರೂ ಕೆಲಸವನ್ನು ಹೊಸದಾಗಿ ಮಾಡಿದ್ದನ್ನು ತೋರಿಸಿದವರಿಗೆ ನನ್ನ ಖರ್ಚಿನಲ್ಲಿ ಮಸಾಲೆದೋಸೆ! ಇದ್ದದ್ದನ್ನೇ ತಿರುಗಿಸಿ ಬಳಸುವುದು ಆಕೆಯ ವ್ರತ. ರಾತ್ರಿಯ ಅನ್ನ ಬೆಳಿಗ್ಗೆ ಚಿತ್ರಾನ್ನವಾಗುವುದು ಎಲ್ಲರ ಮನೆಯಲ್ಲೂ ಉಂಟು, ಬಿಡಿ. ಆದರೆ ಸಾವಿನ ಮನೆಯಲ್ಲಿ ಆಡುವ ಮಾತು? ಚನ್ನಗಿರಿಯ ತನ್ನ ಪೈಪು-ಮೋಟರಿನ ಅಂಗಡಿಗೆ ಮೋಟರು ಸುಟ್ಟುಕೊಂಡು ಬಂದವರಿಗೆ ಹೇಳುವುದನ್ನೇ ಅಲ್ಲೂ ಹೇಳುತ್ತಾಳೆ: “ಹೋಗ್ಲಿ ಬಿಡ್ರಿ, ಇಷ್ಟು ವರ್ಷ ಬಾಳಿಕೆ ಬಂತಲ್ಲ!”

ಇಂಥವಳ ಅಂಗಡಿಗೆ, ಗಿರಾಕಿಗಳ ಮೊಬೈಲಿಗೆ ತಾನಾಗಿ ಸಂದೇಶ ಕಳಿಸುವ ಸಾಫ್ಟ್‌ವೇರ್ ಬಂತು. ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳು ನಾನು. ಯಾರಿಗೆ ಕಳಿಸಬೇಕೆಂದು ಸೋಸುವ ಫಿಲ್ಟರ್, ಯಾವುದಾದ ಮೇಲೆ ಯಾವುದೆನ್ನುವ ಹಂತ, ಎಲ್ಲವನ್ನೂ ಒಮ್ಮೆ ಮಾಡಿಟ್ಟರೆ ಎಲ್ಲಿ ಬೇಕಾದರೂ ಮತ್ತೆ ಬಳಸಬಹುದು ಎಂದೆ. ಅತ್ತೆಯ ಮುಖ ಅರಳಿತು.

“ಇದನ್ನ ಮಾಡಿದೋನು ನಮ್ಮ ಪೈಕಿನೇ ಕಣೇ!”

ಮೋಟರು ಕೊಂಡು ವರ್ಷವಾದವರಿಗೆ ಹೋಗುವ ಸರ್ವಿಸ್ ಸಂದೇಶವನ್ನೇ ಯುಗಾದಿಗೂ ಜೋಡಿಸಿಬಿಟ್ಟಳು. ಹೋಯಿತಲ್ಲ ಊರಿಗೆಲ್ಲ: ‘ಹಬ್ಬದ ಶುಭಾಶಯಗಳು. ಬೇರಿಂಗ್ ಪರೀಕ್ಷಿಸಿಕೊಳ್ಳಿ.’ ತ್ಯಾವಣಿಗೆಯ ಅಜ್ಜರೊಬ್ಬರು ಮಂಡಿ ಹಿಡಿದುಕೊಂಡೇ ಅಂಗಡಿಯ ಮೆಟ್ಟಿಲು ಹತ್ತಿದರು.

“ಬೇರಿಂಗ್ ಹೋಗೈತವ್ವ. ನಿಮ್ಮತ್ರ ಸಿಗ್ತೈತಾ?”

ನಗುವುದು ಇಲ್ಲಿಗೆ ಸಾಕು. ಅಂಗಡಿಗೆ ಬಹಳ ದಿನ ಬಾರದವರಿಗೆಂದು ಬೇರೆ ಹಂತಗಳಿದ್ದವು. ಮೊದಲು ‘ನಿಮ್ಮನ್ನು ನೋಡಿ ಬಹಳ ದಿನವಾಯಿತು, ಬನ್ನಿ’ ಎಂಬ ಸಂದೇಶ. ಒಂದು ವಾರ ಕಾಯುವುದು. ಮತ್ತೊಮ್ಮೆ ಕರೆಯುವುದು. ಆಗಲೂ ಬಾರದಿದ್ದರೆ ಕೊನೆಯ ಹಂತ: ಕೈಬಿಡು, ಅಂದರೆ ಅವರನ್ನು ಮತ್ತೆ ಕರೆಯುವುದಿಲ್ಲ. ಪ್ರತಿ ಸಂದೇಶದ ಕೆಳಗೂ ‘ಬೇಡವಾದರೆ ಬೇಡ ಎಂದು ಉತ್ತರಿಸಿ’ ಎಂಬ ಸಾಲು. ಹಾಗೆ ಉತ್ತರಿಸಿದವರಿಗೆ ಮತ್ತೆ ಸಂದೇಶ ಹೋಗುವುದಿಲ್ಲ.

ಆ ಗುಂಪಿಗೆ ಅತ್ತೆ ನ್ಯಾಮತಿಯ ನಮ್ಮ ಚಿಕ್ಕಪ್ಪನನ್ನು, ಅಂದರೆ ತನ್ನ ಒಡಹುಟ್ಟಿದ ತಮ್ಮನನ್ನು ಸೇರಿಸಿದಳು. ಅವನ ಮಗಳ ನಿಶ್ಚಿತಾರ್ಥದ ಊಟದಲ್ಲಿ, “ಸಾರಿಗೆ ಉಪ್ಪೇ ಇಲ್ಲ” ಎಂದು ಬೀಗರ ಎದುರೇ ಅಂದುಬಿಟ್ಟಿದ್ದಳು. ಅಂದಿನಿಂದ ಮಾತಿಲ್ಲ. ಫೋನು ಎತ್ತುವುದಿಲ್ಲ. ಮದುವೆಗೂ ಕರೆಯಲಿಲ್ಲ. ಮದುವೆಯ ದಿನ ಅತ್ತೆ ರೇಷ್ಮೆ ಸೀರೆ ಉಟ್ಟುಕೊಂಡು ಅಂಗಡಿಗೆ ಬಂದು ಸಂಜೆಯವರೆಗೂ ಪೈಪುಗಳ ನಡುವೆ ಸುಮ್ಮನೆ ಕೂತಿದ್ದಳು. ಅಂಥ ತಮ್ಮನಿಗೆ ಈಗ ಹೋದದ್ದೇನು? ‘ಪ್ರಿಯ ಗ್ರಾಹಕರೇ’!

ಚಿಕ್ಕಪ್ಪ ಬರಲಿಲ್ಲ. ಅವನ ಸರದಿ ‘ಕೈಬಿಡು’ ಹಂತಕ್ಕೆ ಬಂದಾಗ ಅತ್ತೆ ಆ ಹಂತವನ್ನೇ ಅಳಿಸಿ, ಮತ್ತೆ ಮೊದಲಿನಿಂದ ಶುರುವಾಗುವಂತೆ ಮಾಡಿದಳು. ಎಲ್ಲರಿಗೂ ಬಳಸಿದ್ದು ಅದೇ ಹಂತ ತಾನೇ? ಹಾಗಾಗಿ ಎಲ್ಲರಿಗೂ ಅಳಿಸಿಹೋಯಿತು! ಅಂಗಡಿ ಯಾರನ್ನೂ ಕೈಬಿಡದಾಯಿತು. ಜಗಳೂರಿನಿಂದ ಒಬ್ಬರು ಫೋನು ಮಾಡಿದರು: “ನಾನು ಹೊಲ ಬಿಟ್ಟು ಆಟೋ ಓಡಿಸಾಕೆ ಹತ್ತೀನ್ರೀ. ನನ್ನ ಹೆಂಡ್ತಿನೂ ನನ್ನ ಇಷ್ಟು ನೆನೆಸಾದಿಲ್ಲ!” ಹೊನ್ನಾಳಿಯಿಂದ, ನಲ್ಲೂರಿನಿಂದ ‘ಬೇಡ’, ‘ಬೇಡ’ ಎಂಬ ಉತ್ತರಗಳು ಬಂದು ಬಿದ್ದವು. ಹಳೆಯ ಗಿರಾಕಿಗಳು ಒಬ್ಬೊಬ್ಬರಾಗಿ ಕಳಚಿಕೊಂಡರು.

“ಅತ್ತೆ, ಆ ಹಂತ ವಾಪಸ್ ಹಾಕ್ತೀನಿ. ಚಿಕ್ಕಪ್ಪ ಹೆಂಗೂ ಬರಾದಿಲ್ಲ,” ಎಂದೆ.

“ಅವನು ಬ್ಯಾಡ ಅಂದಾನೇನು? ನೋಡು.”

ನೋಡಿದೆ. ಕಳಿಸಿದ ಪ್ರತಿಯೊಂದು ಸಂದೇಶವನ್ನೂ ಓದಿದ ಗುರುತಿಗೆ ನೀಲಿ ಟಿಕ್ಕುಗಳಿದ್ದವು. ಉತ್ತರ ಒಂದೂ ಇರಲಿಲ್ಲ.

“ಇಲ್ಲ ಅತ್ತೆ. ಅಂದಿಲ್ಲ.”

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಗಿರಾಕಿಗಳಿಗೆ ಆ ಕೈಬಿಡೋ ಹಂತ ವಾಪಸ್ ಹಾಕು. ಅವನಿಗೆ ಬ್ಯಾರೆ ಮಾಡು. ಹೊಸದು.”

ಹೊಸದು! ನಾನು ಆಕೆಯ ಮುಖವನ್ನೇ ನೋಡಿದೆ.

“ಏನಂತ ಬರೀಲಿ?”

“ಸಾರಿಗೆ ಉಪ್ಪು ಸರಿಯಾಗೇ ಇತ್ತು ಕಣಪ್ಪ, ಅಂತ ಬರಿ.”

ಬರೆದೆ. ಸ್ವಂತ ತಮ್ಮನಿಗೆ ಇದೆಲ್ಲ ಯಾಕೆ ಎಂದು ಕೆಳಗಿನ ‘ಬೇಡವಾದರೆ’ ಎಂಬ ಸಾಲನ್ನು ಅಳಿಸಲು ಹೋದೆ. ಅತ್ತೆ ನನ್ನ ಕೈ ಹಿಡಿದಳು.

“ಅದು ಇರ್ಲಿ ಮಗಾ. ಅದಿದ್ರೇನೇ ಅವನು ಬ್ಯಾಡ ಅಂದಿಲ್ಲ ಅಂತ ನಂಗೆ ಗೊತ್ತಾಗಾದು.”