ಚೀಟಿವೀರನೂ ವೀಕ್ಷಣವೀರೆಯೂ ಹೂಡಿದ ಗುಲ್ಫಸಂಗ್ರಾಮ

ಕೃತಯುಗದಲ್ಲಿ ತಪಸ್ಸಿನಿಂದಲೂ, ತ್ರೇತೆಯಲ್ಲಿ ಬಾಣದಿಂದಲೂ, ದ್ವಾಪರದಲ್ಲಿ ಗದೆಯಿಂದಲೂ ಇತ್ಯರ್ಥವಾಗುತ್ತಿದ್ದ ಸತ್ಯವು ಈ ಕಲಿಯುಗದಲ್ಲಿ ಪುರಾವೆಯಿಂದ ಮಾತ್ರವೇ ಇತ್ಯರ್ಥವಾಗತಕ್ಕದ್ದೆಂದು ವಿಧಿ ಬರೆದಿರಲಾಗಿ, ಆ ಪುರಾವೆಯನ್ನು ಯಾವ ಮಾರ್ಗದಿಂದ ತರಬೇಕೆಂಬ ಕಾರಣಕ್ಕೆ ಹುಟ್ಟಿದ ಘೋರ ಕದನವನ್ನು ಹೇಳಲು, ಎಲೈ ವಾಗ್ದೇವಿಯೇ, ನಾಲಿಗೆಗೆ ಬಲ ಕೊಡು. ಕಾಲಿನ ಸಂಗತಿಯಾದ್ದರಿಂದ ಕಾಲಿಗೂ ಒಂದಿಷ್ಟು ಕೊಡು.

ಧಾರವಾಡ ಸೀಮೆಯ ಒಂದು ವೈದ್ಯಕೀಯ ಕಾಲೇಜಿನ ಕ್ರೀಡಾವೈದ್ಯ ವಿಭಾಗದಲ್ಲಿ ಇಬ್ಬರು ಮಹಾರಥರಿದ್ದರು. ಒಬ್ಬರು ಭಗ್ನಜಾನುಸಂಧಾನಧುರಂಧರ, ಸಂಶಯಗಜಕೇಸರಿ, ವಿಭಾಗದ ಮುಖ್ಯಸ್ಥ ಡಾಕ್ಟರ್ ವೃಷಭೇಂದ್ರ ತಡಕೋಡರು. ಇನ್ನೊಬ್ಬರು ಚಿರಕಾಲವೀಕ್ಷಣವ್ರತಧಾರಿಣಿ, ಅವಸರಾಸುರಮರ್ದಿನಿ ಡಾಕ್ಟರ್ ಸುಮಿತ್ರಾ ಹಂಚಿನಮನಿಯವರು. ಈ ಎರಡು ಪರ್ವತಗಳ ನಡುವಣ ಕಣಿವೆಯಲ್ಲಿ ಉಸಿರಾಡಿಕೊಂಡಿದ್ದವಳು ಇಬ್ಬರಿಗೂ ಶಿಷ್ಯೆಯಾದ ಚಂದ್ರಕಲಾ ಬೂದಿಹಾಳ.

ಚಂದ್ರಕಲಾ ಕೇಳಿದ ಪ್ರಶ್ನೆ ಚಿಕ್ಕದು. ಆಟಕ್ಕೆ ಮುನ್ನ ಒಂಟಿಕಾಲಿನ ಮೇಲೆ ನಿಲ್ಲುವ ಅಭ್ಯಾಸ ಮಾಡಿದರೆ ಕಬಡ್ಡಿ ಹುಡುಗರ ಗುಲ್ಫವು, ಅಂದರೆ ಲೋಕರೂಢಿಯಲ್ಲಿ ಕಾಲಿನ ಹರಡು, ಉಳುಕುವುದು ಕಡಿಮೆಯಾದೀತೇ? ಹಿಂದಿನ ವರ್ಷ ಅಲ್ಲಿಯ ಕ್ರೀಡಾ ಹಾಸ್ಟೆಲಿನ ತಂಡವು ಅರ್ಧಕ್ಕರ್ಧ ಕುಂಟುತ್ತಲೇ ಫೈನಲ್ ಆಡಿ ಸೋತದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಶನಿವಾರದೊಳಗೆ ಅಧ್ಯಯನದ ವಿಧಾನವನ್ನು, ಅನುಮತಿ ಕೊಡುವ ನೈತಿಕ ಸಮಿತಿಯ ಮುಂದಿಡದಿದ್ದರೆ ಈ ಸಲದ ಆಟದ ಋತುವೇ ಕೈತಪ್ಪುತ್ತಿತ್ತು. ಅಂದು ಗುರುವಾರ.

ಚಹದ ಕೋಣೆಯಲ್ಲಿ ರಣಕಹಳೆ ಮೊಳಗಿತು. ಮಿರ್ಚಿಭಜಿಯ ತಟ್ಟೆಯನ್ನು ಗುರಾಣಿಯಂತೆ ಮುಂದೆ ತಳ್ಳಿ ತಡಕೋಡರು ಗರ್ಜಿಸಿದ್ದೇನೆಂದರೆ, ಹುಡುಗರ ಹೆಸರಿನಲ್ಲಿ ಚೀಟಿ ಎತ್ತಬೇಕು, ಅರ್ಧ ಜನ ಅಭ್ಯಾಸ ಮಾಡಬೇಕು, ಅರ್ಧ ಜನ ಬಿಡಬೇಕು; ಚೀಟಿಗೆ ಬಂಧುವಿಲ್ಲ, ಬಳಗವಿಲ್ಲ, ಅದೊಂದೇ ನಿಷ್ಪಕ್ಷಪಾತದ ಖಡ್ಗ. ಹಂಚಿನಮನಿಯವರು ಚಹದ ಮೇಲಿನ ಕೆನೆಯನ್ನು ಶತ್ರುವಿನ ಶಿರದಂತೆ ಚಮಚೆಯಿಂದ ಎತ್ತಿ ಬದಿಗಿಟ್ಟು, ಮಾಡುವವರು ಮಾಡಲಿ, ಬಿಡುವವರು ಬಿಡಲಿ, ಋತುವಿಡೀ ಕಣ್ಣಿಟ್ಟು ನೋಡೋಣ ಎಂದರು. ತಾನಾಗಿ ಅಭ್ಯಾಸ ಮಾಡುವವನು ಮೊದಲೇ ಎಚ್ಚರದ ಹುಡುಗನಾಗಿರುತ್ತಾನೆ, ಅವನ ಕಾಲು ಉಳಿದದ್ದು ಅಭ್ಯಾಸದಿಂದಲೋ ಬುದ್ಧಿಯಿಂದಲೋ ಎಂದು ಯಾವ ಬ್ರಹ್ಮ ಹೇಳಿಯಾನು ಎಂಬ ಬಾಣ ತಡಕೋಡರ ಕಡೆಯಿಂದ ಹೊರಟಿತು. ಅತ್ತಣಿಂದ ಬಂದದ್ದು ಬ್ರಹ್ಮಾಸ್ತ್ರ.

“ಕಾಲು ಉಳಿಸೋ ಉಪಾಯ ಕೈಯಾಗ ಇಟಗೊಂಡು, ಚೀಟಿ ಬರಲಿಲ್ಲ ಅಂತ ಒಬ್ಬ ಹುಡುಗಗ ಹೆಂಗ ಬ್ಯಾಡ ಅಂತೀರಿ ಸರ್?”

“ಉಳಸತೈತೋ ಇಲ್ಲೋ ಅನ್ನೂದ ನಮಗ ಗೊತ್ತಿಲ್ಲಲ್ರಿ,” ಎಂದರು ತಡಕೋಡರು. “ಗೊತ್ತಿದ್ರ ಅಧ್ಯಯನ ಯಾಕ ಬೇಕಿತ್ತು?”

ಎರಡೂ ಮಾತು ಸರಿಯಾಗಿದ್ದುದೇ ದೊಡ್ಡ ಸಂಕಟವಾಗಿ, ಭಜಿ ಆರಿ ಮೆತ್ತಗಾಗುವವರೆಗೂ ಯುದ್ಧವು ಸಮಸಮನಾಗಿ ನಡೆಯಿತು. ಕೊನೆಗೆ ಚಂದ್ರಕಲಾ, ಮೈದಾನಕ್ಕೆ ಹೋಗಿ ಹುಡುಗರನ್ನಾದರೂ ನೋಡೋಣವೇ ಎಂದು ಮೆಲ್ಲಗೆ ಕೇಳಿದಳು. ರಥವೆಂದು ಕರೆಯಲ್ಪಡುವ ಮುಖ್ಯಸ್ಥರ ಹಳೆಯ ಕಾರು ಮೂವರನ್ನೂ ಹೊತ್ತು ಹೊರಟಿತು.

ಸಂಜೆಯ ಬಿಸಿಲಿನಲ್ಲಿ ಹಾಸ್ಟೆಲಿನ ತಂಡವು ಅಂಗಣದಲ್ಲಿ ಸಾಲಾಗಿ ನಿಂತಿತ್ತು. ತಡಕೋಡರು ಅಲ್ಲಿಯೇ ಚೀಟಿಯ ಮಹಿಮೆಯನ್ನು ತೋರಿಸಲು ನಿಶ್ಚಯಿಸಿ, ಚೀಟಿ ಎತ್ತಿಸಿ ತಂಡವನ್ನು ಎರಡು ಪಾಲು ಮಾಡಿ, ಎಡದವರು ತಮ್ಮಂತೆ ಮಾಡಬೇಕು, ಬಲದವರು ಸುಮ್ಮನೆ ನಿಲ್ಲಬೇಕು ಎಂದು ಆಜ್ಞಾಪಿಸಿದರು. ತಾವು ಕಾಲೇಜಿನ ದಿನಗಳಲ್ಲಿ ಜಿಲ್ಲಾಮಟ್ಟದ ರೇಡರ್ ಆಗಿದ್ದುದನ್ನೂ, ಎದುರಾಳಿಗಳು ತಮ್ಮ ಕಾಲನ್ನು ಹಿಡಿಯಲಾರದೆ ಮಣ್ಣು ಹಿಡಿದುದನ್ನೂ ಗಂಭೀರವಾಗಿ ವರ್ಣಿಸಿದರು. ಬಳಿಕ, ಮಡಿಸಿದ ಚಾಪೆಯ ಮೇಲೆ, ಚರ್ಮದ ಪಾದರಕ್ಷೆಯ ಸಮೇತ, ಹಿಮವಂತನು ಒಂದು ಕಾಲನ್ನು ಮಡಚಿದನೋ ಎಂಬಂತೆ ಏಕಪಾದದಲ್ಲಿ ನಿಂತು ಕಣ್ಣು ಮುಚ್ಚಿದರು.

ಚಂದ್ರಕಲಾ ಆ ಹೊತ್ತಿನಲ್ಲಿ ಗುರುಗಳನ್ನು ನೋಡುತ್ತಿರಲಿಲ್ಲ. ಹುಡುಗರನ್ನು ನೋಡುತ್ತಿದ್ದಳು. ಸುಮ್ಮನೆ ನಿಲ್ಲಬೇಕಾದ ಬಲಪಾಲಿನವರು ಒಬ್ಬನಾದ ಮೇಲೊಬ್ಬ ಕಾಲೆತ್ತಿದರು; ಕಡೆಗೆ ತಂಡವೇ ಕೊಕ್ಕರೆಗಳ ಹಿಂಡಿನಂತೆ ಒಂಟಿಕಾಲಿನಲ್ಲಿತ್ತು.

ಆಗ ಪರ್ವತವು ಬಿದ್ದಿತು. ಧೂಳು ಎದ್ದಿತು. ತಡಕೋಡರು ಬಲಗಾಲನ್ನು ಹಿಡಿದುಕೊಂಡು, ಯಾವ ಸಂಸ್ಕೃತವನ್ನೂ ಬಳಸದೆ, “ಯವ್ವಾ” ಎಂದರು.

ಋತುವಿಡೀ ಮುಟ್ಟದೆ ನೋಡುವ ವ್ರತದ ಹಂಚಿನಮನಿಯವರು ಎಲ್ಲರಿಗಿಂತ ಮೊದಲು ಓಡಿದರು. ನೆಲದಲ್ಲಿ ಕುಳಿತು ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಎಲುಬು ಮುರಿದಿಲ್ಲವೆಂದು ಒತ್ತಿ ಒತ್ತಿ ಖಚಿತಮಾಡಿಕೊಂಡು, ಐಸ್ ತರಿಸಿ ಕಟ್ಟಿದರು. ವೈರಿಯ ಕೈ ಬಹಳ ಹಗುರವಾಗಿದೆಯೆಂದು ತಡಕೋಡರಿಗೆ ಅನ್ನಿಸಿತು.

ಇತ್ತ ಚಂದ್ರಕಲಾ ತಂಡದ ನಾಯಕ ಯಮನೂರನನ್ನು, ಬೇಡವೆಂದರೂ ಯಾಕೆ ಮಾಡಿದಿರಿ ಎಂದು ಕೇಳಿದಳು.

“ಬಾಜೂದವ ಮಾಡೂದು ನೋಡಿ ಸುಮ್ನ ನಿಂದರಾಕ ಆಗಂಗಿಲ್ರಿ ಮೇಡಂ,” ಎಂದ ಅವನು. “ಹೋದ ವರ್ಷ ಕುಂಟಿದ್ದು ಎಲ್ಲಾರಿಗೂ ನೆನಪೈತಿ.”

ಅವಳು ಗುರುಗಳಿಬ್ಬರ ಮುಂದೆ ಬಂದು ಕುಳಿತು, ಅಂದಿನವರೆಗೆ ಎತ್ತದಿದ್ದ ದನಿಯಲ್ಲಿ ಹೇಳಿದಳು.

“ಚೀಟಿ ಹುಡುಗರಿಗೆ ಬ್ಯಾಡ್ರಿ, ತಂಡಕ್ಕ ಎತ್ತೂಣು. ಒಂದೂರಿನ ತಂಡ ಪೂರಾ ಮಾಡಲಿ, ಇನ್ನೊಂದೂರಿಂದು ಬಿಡಲಿ, ನೋಡಿ ಮಾಡಾಕ ಬಾಜೂಕ ಯಾರೂ ಇರಂಗಿಲ್ಲ. ಋತು ಮುಗಿಯೂತನಾ ಎರಡೂ ಕಡೆ ನೋಡೂಣು. ಅಭ್ಯಾಸದಿಂದ ಲಾಭ ಆತಂದ್ರ, ಬಿಟ್ಟವರಿಗೂ ನಾನ ಹೋಗಿ ಕಲಿಸಿ ಬರತೀನ್ರಿ.”

ಮಹಾರಥರು ಪರಸ್ಪರ ಮುಖ ನೋಡಿಕೊಂಡರು. ಚೀಟಿ ಉಳಿದಿತ್ತು, ವೀಕ್ಷಣೆಯೂ ಉಳಿದಿತ್ತು. ತಾವು ಮೊದಲಿನಿಂದಲೂ ಹೇಳುತ್ತಿದ್ದುದು ಇದನ್ನೇ ಎಂದು ಇಬ್ಬರೂ ಒಂದೇ ಉಸಿರಿನಲ್ಲಿ ಘೋಷಿಸಿ, ಜಯವನ್ನು ಇಡಿಯಾಗಿ ಒಬ್ಬೊಬ್ಬರೇ ಪಡೆದರು.

ಇಬ್ಬರು ಹುಡುಗರ ಹೆಗಲ ಮೇಲೆ ಕೈಹಾಕಿ ಕುಂಟುತ್ತ ಕಾರಿನತ್ತ ಸಾಗಿದ ತಡಕೋಡರಿಗೆ ನಡುದಾರಿಯಲ್ಲಿ ಒಂದು ಆಸೆ ಮೂಡಿತು. ವಿಜ್ಞಾನಕ್ಕಾಗಿ ಗಾಯಗೊಂಡ ಮೊದಲ ವೀರನೆಂಬ ಕಳೆ ಮುಖದ ಮೇಲೆ ಬಂತು.

“ಚಂದ್ರಕಲಾ, ನಂದೂ ಒಂದು ಉಳುಕು ಲೆಕ್ಕಕ್ಕ ಹಿಡೀತಿಯಲ್ಲವಾ?”

“ಬರಂಗಿಲ್ರಿ ಸರ್,” ಎಂದಳು ಅವಳು, ಬಹಳ ವಿನಯದಿಂದ. “ಆಟಗಾರರದ್ದು ಅಷ್ಟ ಹಿಡಿಯೂದು.”

ಹೀಗೆ ಆ ಭುವನವಿಖ್ಯಾತ ಗುಲ್ಫವು ಯಾವ ಗುಂಪಿಗೂ ಸೇರದೆ, ಟೊಮೆಟೊದ ಹಾಗೆ ಊದಿಕೊಂಡು, ಹಿಂದಿನ ಸೀಟಿನಲ್ಲಿ ಅಡ್ಡಡ್ಡ ಮಲಗಿ ಮನೆಗೆ ಹೋಯಿತು.